ಶಿಕ್ಷಕ ವಿಜ್ಞಾನಿ ಅಬ್ರಹಾಂ ಟ್ರೆಂಬ್ಲೆ

ಮಕ್ಕಳಿಗೆ ಪಾಠ ಹೇಳುವ ಕಾಯಕದಲ್ಲಿ ತೊಡಗಿದ್ದ ಶಿಕ್ಷಕರೊಬ್ಬರ ಕಿಟಕಿಯ ಬಳಿಯಿದ್ದ ಗಾಜಿನ ಪಾತ್ರೆಯಿಂದ ಜೀವವಿಜ್ಞಾನದ ಹೊಸ ಅಧ್ಯಾಯವೊಂದು ಆರಂಭವಾಯಿತು. ಆ ಶಿಕ್ಷಕರೇ ಅಬ್ರಹಾಂ ಟ್ರೆಂಬ್ಲೆ.

1710ರಲ್ಲಿ ಜಿನೀವಾ ನಗರದಲ್ಲಿ ಜನಿಸಿದ ಟ್ರೆಂಬ್ಲೆಯವರು ಅಲ್ಲಿಯೇ ಗಣಿತಶಾಸ್ತ್ರವನ್ನು ಅಭ್ಯಸಿಸಿದರು. ಬಳಿಕ ಹಾಲೆಂಡಿಗೆ ತೆರಳಿ, ಹೇಗ್ ನಗರದ ಸಮೀಪದ ಸೋರ್ಗ್‌ಫ್ಲೀಟ್ ಎಂಬಲ್ಲಿ ಕೌಂಟ್ ಬೆಂಟಿಂಕರ ಇಬ್ಬರು ಎಳೆಯ ಪುತ್ರರಿಗೆ ಗುರುಗಳಾದರು. ಪ್ರಕೃತಿಯನ್ನು ಕಣ್ಣಾರೆ ಕಂಡು ಕಲಿಯಬೇಕೆಂಬುದು ಅವರ ಬೋಧನೆಯ ಕ್ರಮವಾಗಿತ್ತು. 1740ರ ಬೇಸಿಗೆಯಲ್ಲಿ ಅವರು ಹಳ್ಳದಿಂದ ನೀರುಸಸ್ಯಗಳನ್ನು ತಂದು ಗಾಜಿನ ಪಾತ್ರೆಗಳಲ್ಲಿ ಇರಿಸಿದರು. ಆ ಸಸ್ಯಗಳಿಗೆ ಅಂಟಿಕೊಂಡು, ಕರೆಯದೆ ಬಂದ ಅತಿಥಿಗಳಂತೆ, ಕೆಲವು ಹಸುರು ಜೀವಿಗಳೂ ಬಂದಿದ್ದವು. ಸಣ್ಣ ಕೊಳವೆಯಂಥ ಒಡಲು, ತುದಿಯಲ್ಲಿ ಎಳೆಗಳಂಥ ತೋಳುಗಳು. ಇದೇ ಅವುಗಳ ಆಕಾರ.

ಇವು ಸಸ್ಯಗಳೋ, ಪ್ರಾಣಿಗಳೋ? ಹಸುರು ಬಣ್ಣ ಸಸ್ಯವೆನ್ನುತ್ತಿತ್ತು. ಪಾತ್ರೆ ಅಲುಗಿದಾಗ ಅವು ಮುದುಡಿಕೊಳ್ಳುತ್ತಿದ್ದವು. ಪಾತ್ರೆಯನ್ನು ತಿರುಗಿಸಿಟ್ಟರೆ ಮೆಲ್ಲನೆ ನಡೆದು ಮತ್ತೆ ಬೆಳಕಿನ ಕಡೆಗೆ ಸೇರುತ್ತಿದ್ದವು. ಈ ಚಲನೆ ಪ್ರಾಣಿಯೆನ್ನುತ್ತಿತ್ತು. ಸಂದೇಹ ನಿವಾರಣೆಗಾಗಿ 1740ರ ನವೆಂಬರ್ 25ರಂದು ಟ್ರೆಂಬ್ಲೆಯವರು ಒಂದನ್ನು ಅಡ್ಡಲಾಗಿ ಎರಡು ತುಂಡು ಮಾಡಿದರು. ಎರಡೂ ಬದುಕಿ ಬೆಳೆದರೆ ಅದು ಸಸ್ಯವೆಂಬುದು ಅವರ ತರ್ಕ. ಕೆಲವೇ ವಾರಗಳಲ್ಲಿ ಎರಡೂ ತುಂಡುಗಳು ಪರಿಪೂರ್ಣ ಜೀವಿಗಳಾದವು!

ತಾವೇ ಹೂಡಿದ ಪರೀಕ್ಷೆ ಸಸ್ಯವೆಂದು ಸಾರಿದರೂ ಅವರು ಅವಸರದಿಂದ ತೀರ್ಪು ನೀಡಲಿಲ್ಲ. ಕಂಡ ಚಲನೆಯನ್ನು ಅಲ್ಲಗಳೆಯಲೂ ಇಲ್ಲ. ಪ್ಯಾರಿಸ್ಸಿನ ಪ್ರಸಿದ್ಧ ವಿಜ್ಞಾನಿ ರಿಯೋಮ್ಯೂರರಿಗೆ ಪತ್ರ ಬರೆದರು. ಮೊದಲು ಕಳುಹಿಸಿದ ಜೀವಿಗಳು ದಾರಿಯಲ್ಲೇ ಸತ್ತಾಗ ಮತ್ತೆ ಕಳುಹಿಸಿದರು. 1741ರಲ್ಲಿ ಅವುಗಳನ್ನು ಪರೀಕ್ಷಿಸಿದ ರಿಯೋಮ್ಯೂರರು ಇವು ಪ್ರಾಣಿಗಳೇ ಎಂದು ಒಪ್ಪಿದರು. 'ಪಾಲಿಪ್' ಎಂಬ ಹೆಸರು ನಿಂತಿತು. ಅವು ತೋಳುಗಳಿಂದ ಸಣ್ಣ ಜೀವಿಗಳನ್ನು ಹಿಡಿದು ನುಂಗುವುದನ್ನೂ ಟ್ರೆಂಬ್ಲೆಯವರು ವಿವರವಾಗಿ ದಾಖಲಿಸಿದರು. ಹೀಗೆ, ತುಂಡಾದರೆ ಬೆಳೆಯುವುದು ಸಸ್ಯ ಮಾತ್ರವೆಂಬ ನಂಬಿಕೆಯೇ ಕುಸಿಯಿತು. ಇಂದು ಈ ಜೀವಿಯನ್ನು ಹೈಡ್ರಾ ಎನ್ನುತ್ತೇವೆ.

ಇದರ ಪರಿಣಾಮ ಕಡಲಿಗೂ ವ್ಯಾಪಿಸಿತು. ಹವಳದ ಹೂಗಳೆಂದು ತಿಳಿದವು ವಾಸ್ತವವಾಗಿ ಪ್ರಾಣಿಗಳೆಂದು ಪೈಸೊನೆಲ್ ಎಂಬ ವೈದ್ಯರು 1720ರ ದಶಕದಲ್ಲೇ ಹೇಳಿದ್ದರೂ ವಿದ್ವಾಂಸರು ನಂಬಿರಲಿಲ್ಲ. ಅಂದು ಒಪ್ಪದಿದ್ದ ರಿಯೋಮ್ಯೂರರೇ 1742ರಲ್ಲಿ ಅದನ್ನು ಬಹಿರಂಗವಾಗಿ ಮನ್ನಿಸಿದರು.

ಲಂಡನ್ನಿನ ರಾಯಲ್ ಸೊಸೈಟಿಯು 1743ರಲ್ಲಿ ಟ್ರೆಂಬ್ಲೆಯವರಿಗೆ ಕೋಪ್ಲೆ ಪದಕವನ್ನಿತ್ತು ಗೌರವಿಸಿತು. 1744ರಲ್ಲಿ ಪ್ರಕಟವಾದ ಅವರ ಗ್ರಂಥದ ಚಿತ್ರವೊಂದರಲ್ಲಿ ಪಾತ್ರೆಗಳ ನಡುವೆ ಗುರುಗಳೊಡನೆ ಶಿಷ್ಯರಿಬ್ಬರೂ ಇದ್ದಾರೆ. ಕೀರ್ತಿ ಬಂದ ಮೇಲೂ ಅವರು ಬೋಧನೆಯನ್ನು ತೊರೆಯಲಿಲ್ಲ. ಮುಂದೆ ರಿಚ್ಮಂಡಿನ ತರುಣ ಡ್ಯೂಕನಿಗೂ ಗುರುಗಳಾದರು. ಜಿನೀವಾಕ್ಕೆ ಮರಳಿ ಮಕ್ಕಳ ಶಿಕ್ಷಣವನ್ನು ಕುರಿತು ಗ್ರಂಥ ರಚಿಸಿ, 1784ರಲ್ಲಿ ಕಾಲವಾದರು.

ಇಂದು ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಸಾಕುವವರಿಗೂ ಕಲ್ಲಿಗೆ ಅಂಟಿ ಬಂದ ಅಪರಿಚಿತ ಪಾಲಿಪ್‌ಗಳು ಕಾಣಸಿಗುತ್ತವೆ. ಅವುಗಳಲ್ಲಿ ಐಪ್ಟೇಸಿಯಾ ಎಂಬುದನ್ನು ಗುರುತಿಸದೆ ಕಿತ್ತೊಗೆದರೆ, ಉಳಿದ ತುಣುಕಿನಿಂದಲೇ ಅದು ಮತ್ತೆ ಬೆಳೆಯುತ್ತದೆ. ಮೊದಲು ತಾಳ್ಮೆಯಿಂದ ನೋಡು, ಆಮೇಲೆ ನಿರ್ಣಯಿಸು ಎಂಬ ಪಾಠವನ್ನು ಟ್ರೆಂಬ್ಲೆಯವರು ತಮ್ಮ ಬಾಳಿನಿಂದಲೇ ಬೋಧಿಸಿದರು. ಶಿಷ್ಯರ ಎದುರಿನಲ್ಲಿ ತನ್ನ ಸಂದೇಹವನ್ನು ಮರೆಮಾಚದ ಗುರುವೇ ಅವರಲ್ಲಿ ನಿಜವಾದ ಅರಿವನ್ನು ಬಿತ್ತಬಲ್ಲನು.