ಮೂವತ್ತು ವ್ಯಾಟಿನ ಮೇಷ್ಟ್ರು

ದೊಡ್ಡ ಸರ್ವರ್‌ನಲ್ಲಿ ಓಡುವ ಕಲಿಕೆಯ ತಂತ್ರಾಂಶವನ್ನು ಅಗ್ಗದ ಟ್ಯಾಬ್‌ಗಳಿಗೆ ಇಳಿಸೋದು ಈಗ ನನ್ನ ಕೆಲಸ. ಮೈಸೂರಿನ ಒಂದು ಶಾಲೆ, ಹತ್ತು ಟ್ಯಾಬ್, ಒಂದು ವೈಫೈ. ಯಾವ ಮಗುವಿಗೆ ಮುಂದೆ ಯಾವ ಪಾಠ ಅಂತ ಯಂತ್ರ ಮೇಷ್ಟ್ರಿಗೆ ಸಲಹೆ ಕೊಡುತ್ತೆ. ಗಾತ್ರ ಕುಗ್ಗಿಸೋದು ಅಷ್ಟೇನೂ ಕಷ್ಟವಾಗಲಿಲ್ಲ. ಸಿಕ್ಕಿಬಿದ್ದದ್ದು ಬೇರೆ ಕಡೆ: ಪ್ರಶ್ನೆಯಲ್ಲಿದ್ದ ಎಸ್ಕಲೇಟರ್ ಏನಂತ ಗೊತ್ತಿಲ್ಲದ ಹುಡುಗಿಯನ್ನು ಯಂತ್ರ ಹಿಂದುಳಿದವರ ಪಟ್ಟಿಗೆ ಹಾಕಿತ್ತು.

ಆಗ ನೆನಪಾದವರು ಎಂ.ವಿ. ಗೋಪಾಲಸ್ವಾಮಿ. ಮೈಸೂರಿಗೆ ಅವರು ರೇಡಿಯೋ ಮೂಲಕ ಗೊತ್ತು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಇವತ್ತು ಒಂದು ಬಲ್ಬ್ ಎಳೆಯುವಷ್ಟು ಶಕ್ತಿ! ಖರ್ಚು ಬಹುಪಾಲು ಸ್ವಂತದ್ದು. 1940ರ ದಶಕದ ಆರಂಭದಲ್ಲಿ ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಆಕಾಶವಾಣಿ ಅನ್ನೋ ಹೆಸರನ್ನು ಮಾತ್ರ ಇಡೀ ದೇಶವೇ ತೆಗೆದುಕೊಂಡಿತು.

ಆದರೆ ಅವರ ಅಸಲಿ ಕಸುಬು ಮನಶ್ಶಾಸ್ತ್ರ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದು, ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ಅಲ್ಲಿ ಜಾಗವಿತ್ತು. ಪಶ್ಚಿಮದ ಬುದ್ಧಿಮಾಪನ ಪರೀಕ್ಷೆಗಳನ್ನು ನಮ್ಮ ಭಾಷೆಗಳಿಗೆ ಹೊಂದಿಸಿದವರಲ್ಲಿ ಅವರೂ ಒಬ್ಬರು. ಮಗುವಿನ ಉತ್ತರ ಒಳಗೆ, ಒಂದು ಸಂಖ್ಯೆ ಹೊರಗೆ. ಆ ಸಂಖ್ಯೆ ನೋಡಿ ದೊಡ್ಡವರು ತೀರ್ಮಾನ ಮಾಡ್ತಾರೆ. ನನ್ನ ಟ್ಯಾಬ್ ಮಾಡೋದೂ ಇದನ್ನೇ, ಕಾಗದ ಇಲ್ಲ ಅಷ್ಟೇ.

ಆ ಕಾಲದ ಮೈಸೂರನ್ನೂ ನೆನೆಯಬೇಕು. 1918ರಲ್ಲಿ ಮಿಲ್ಲರ್ ಸಮಿತಿ ರಚನೆಯಾಗಿ, ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಆದೇಶ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ಯೋಗ್ಯತೆ ಎಂದರೇನು, ಅಳೆಯೋರು ಯಾರು ಎಂಬ ಜಗಳ ಬೀದಿಯಲ್ಲೇ ಇತ್ತು. ಅಂಥ ಊರಿನಲ್ಲಿ ಯಾವ ಪರೀಕ್ಷೆಯೂ ಬರೀ ಪರೀಕ್ಷೆಯಾಗಿ ಉಳಿಯಲ್ಲ. ಪದ ಬದಲಿಸಿದರೆ ಸಾಲದು, ಯಾವ ಮನೆಯ ಮಗುವಿಗೆ ಯಾವ ವಸ್ತು ಗೊತ್ತು ಅಂತಲೂ ನೋಡಬೇಕು. ಬಿನೆಯ ಪರೀಕ್ಷೆ ಹುಟ್ಟಿದ್ದು ಪ್ಯಾರಿಸ್ಸಿನ ಮಕ್ಕಳಿಗಾಗಿ. ಅಲ್ಲಿಯ ಅಂಕದ ಮಾನದಂಡ ಹಾಗೇ ಇಲ್ಲಿಗೆ ಬಂದರೆ ಅಗ್ರಹಾರದ ಹುಡುಗನಿಗೂ ಹಾಡಿಯ ಹುಡುಗಿಗೂ ಒಂದೇ ತಕ್ಕಡಿ.

ಗೋಪಾಲಸ್ವಾಮಿ 1957ರಲ್ಲಿ ತೀರಿಕೊಂಡರು. ಅವರಿಗೆ ರೇಡಿಯೋದ್ದೇ ಹೆಸರು ಉಳಿದದ್ದು ಸ್ವಲ್ಪ ಅನ್ಯಾಯ ಅಂತ ನನಗನ್ನಿಸುತ್ತೆ.

ನಾನು ಎಸ್ಕಲೇಟರ್ ತೆಗೆದು ಏಣಿ ಹಾಕಿದೆ. ಯಂತ್ರದ ಸಲಹೆಯನ್ನು ಮೇಷ್ಟ್ರು ತಿದ್ದುವ ಗುಂಡಿಯನ್ನೂ ಇಟ್ಟೆ. ಮೊದಲ ವಾರವೇ ಅವರು ಒತ್ತಿದ್ದು ಹದಿನಾಲ್ಕು ಸಲ.