ನಡೆಯದೇ ಹೋದ ದಾಳಿ ಮತ್ತು ರಾಜಾ ರಾಮಣ್ಣ

ಕೊಳ್ಳೇಗಾಲದಿಂದ ಶಿವನಸಮುದ್ರಕ್ಕೆ ಹೊರಟವರು ಸತ್ತೇಗಾಲದ ಹ್ಯಾಂಡ್‌ಪೋಸ್ಟ್ ಬಳಿ ತಿರುಗಿಕೊಳ್ಳುತ್ತಾರೆ. ಕಾವೇರಿ ಇಲ್ಲಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. 1902ರಲ್ಲಿ ಇದೇ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ನದಿಯ ಒಂದು ದಡ ಮೈಸೂರು ಸಂಸ್ಥಾನ, ಸತ್ತೇಗಾಲವಿರುವ ಇನ್ನೊಂದು ದಡ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಗಡಿ ಎಲ್ಲಿಯೇ ಇರಲಿ, ನೀರು ಮಾತ್ರ ಎರಡೂ ಕಡೆಯವರದು. ಮೇಲೆ ಏನಾದರೂ ಕೆಟ್ಟರೆ ಅದು ಕೆಳಗಿನವರ ಬಾಗಿಲಿಗೇ ಬರುತ್ತದೆ ಎಂಬುದು ಈ ದಡದ ಜನರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಇದೇ ಸರಳ ಸತ್ಯವನ್ನು ಗಾಳಿಗೂ ಅಣುವಿಗೂ ಅನ್ವಯಿಸಿ ಎರಡು ದೇಶಗಳು ಯೋಚಿಸಬೇಕಾಗಿ ಬಂದ ದಿನಗಳಲ್ಲಿ, ಆ ಯೋಚನೆಯ ನಡುವೆ ನಿಂತಿದ್ದವರು ಕನ್ನಡ ನಾಡಿನ ವಿಜ್ಞಾನಿ ಡಾ. ರಾಜಾ ರಾಮಣ್ಣ. ಪೋಖ್ರಾನ್ ಸ್ಫೋಟದ ರೂವಾರಿಯೆಂದು ಅವರನ್ನು ಎಲ್ಲರೂ ಬಲ್ಲರು. ಪಾಕಿಸ್ತಾನದ ಅಣುಕೇಂದ್ರದ ಮೇಲೆ ಭಾರತ ಬಾಂಬು ಹಾಕಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಅವರಿಗೆ ಒದಗಿದ ಪಾತ್ರ ಅಷ್ಟಾಗಿ ಜನರ ನೆನಪಿನಲ್ಲಿ ಉಳಿದಿಲ್ಲ.

ರಾಮಣ್ಣನವರು ಜನಿಸಿದ್ದು 1925ರ ಜನವರಿ 28ರಂದು, ತುಮಕೂರಿನಲ್ಲಿ. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ಬಾಲ್ಯದ ವಿದ್ಯಾಭ್ಯಾಸ ಮೈಸೂರು, ಬೆಂಗಳೂರುಗಳಲ್ಲಿ. ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜು, ಬಳಿಕ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ. ಪಾಠದಷ್ಟೇ ಆಸ್ಥೆಯಿಂದ ಅವರು ಕಲಿತದ್ದು ಪಿಯಾನೋ. ಹೋಮಿ ಭಾಭಾ ಅವರ ಪರಿಚಯವಾದದ್ದೂ ಸಂಗೀತದ ದಾರಿಯಿಂದಲೇ. ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರೊಬ್ಬರ ಮೂಲಕ 1944ರಲ್ಲಿ ಆದ ಆ ಭೇಟಿ ಅವರ ಬದುಕಿನ ದಿಕ್ಕನ್ನೇ ನಿರ್ಧರಿಸಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಮುಗಿಸಿ ಬಂದ ತರುಣ, 1949ರ ಕೊನೆಯಲ್ಲಿ ಭಾಭಾ ಕಟ್ಟುತ್ತಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಅಲ್ಲಿಂದ ಮುಂದಿನದು ಭಾರತದ ಅಣುವಿಜ್ಞಾನದ ಚರಿತ್ರೆಯೇ ಆಗಿದೆ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡಾಗ ಅದರ ಹಿಂದಿನ ತಂಡದಲ್ಲಿ ರಾಮಣ್ಣ ಇದ್ದರು. 1957ರಲ್ಲಿ ಆರಂಭವಾದ ತರಬೇತಿ ಶಾಲೆಯನ್ನು ರೂಪಿಸಿದವರೂ ಅವರೇ. ಮುಂದಿನ ಹಲವು ತಲೆಮಾರುಗಳ ಅಣುವಿಜ್ಞಾನಿಗಳು ಆ ಶಾಲೆಯಿಂದ ಬಂದರು. 1966ರಲ್ಲಿ ಭಾಭಾ ವಿಮಾನಾಪಘಾತಕ್ಕೆ ಬಲಿಯಾದರು. 1972ರಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ನಿರ್ದೇಶಕರಾದ ರಾಮಣ್ಣ, 1974ರ ಮೇ 18ರ ಬೆಳಿಗ್ಗೆ ಪೋಖ್ರಾನ್ ಮರುಭೂಮಿಯಲ್ಲಿ ನಡೆದ ಮೊದಲ ಸ್ಫೋಟದ ನೇತೃತ್ವ ವಹಿಸಿದ್ದರು. ಸಿರಸ್ ರಿಯಾಕ್ಟರಿನ ಪ್ಲುಟೋನಿಯಂ ಅದರಲ್ಲಿ ಬಳಕೆಯಾಗಿತ್ತು. ಮರುವರ್ಷ ಪದ್ಮವಿಭೂಷಣ ಬಂತು.

ಆ ಸ್ಫೋಟದ ಪ್ರತಿಧ್ವನಿ ನೆರೆದೇಶದಲ್ಲಿ ಬೇರೆ ರೂಪ ತಾಳಿತು. 1971ರ ಸೋಲಿನಿಂದ ಹೊರಬರುತ್ತಿದ್ದ ಪಾಕಿಸ್ತಾನ ತನ್ನ ಅಣ್ವಸ್ತ್ರ ಯತ್ನವನ್ನು ತೀವ್ರಗೊಳಿಸಿತು. ಹಾಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಅಬ್ದುಲ್ ಖಾದಿರ್ ಖಾನ್ ಸೆಂಟ್ರಿಫ್ಯೂಜ್ ತಂತ್ರಜ್ಞಾನದ ಮಾಹಿತಿಯೊಂದಿಗೆ ತಾಯ್ನಾಡಿಗೆ ಮರಳಿದರು. ರಾವಲ್ಪಿಂಡಿಗೆ ಸಮೀಪದ ಕಹೂಟಾದಲ್ಲಿ ಯುರೇನಿಯಂ ಸಂವರ್ಧನಾ ಕೇಂದ್ರ ತಲೆಯೆತ್ತಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಹೂಟಾ ಎಂಬ ಹೆಸರು ದೆಹಲಿಯ ಕಡತಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳತೊಡಗಿತ್ತು.

1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಬಾಗ್ದಾದ್ ಬಳಿಯ ಓಸಿರಾಕ್ ರಿಯಾಕ್ಟರನ್ನು ಧ್ವಂಸ ಮಾಡಿದವು. ಎಂಟು ಎಫ್-16 ವಿಮಾನಗಳು ಒಂದು ದೇಶದ ಅಣುಯೋಜನೆಯನ್ನು ಕೆಲವೇ ನಿಮಿಷಗಳಲ್ಲಿ ಮಣ್ಣುಪಾಲು ಮಾಡಬಲ್ಲವೆಂದರೆ, ಗಡಿಗೆ ಅಷ್ಟು ಸಮೀಪದಲ್ಲಿರುವ ಕಹೂಟಾ ಏಕೆ ಬೇಡ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಭಾರತೀಯ ವಾಯುಪಡೆಗೆ ಜಾಗ್ವಾರ್ ವಿಮಾನಗಳು ಬಂದು ಎರಡು ವರ್ಷಗಳಾಗಿದ್ದವು. ತೀರಾ ಕೆಳಗೆ ಹಾರಿ ರಾಡಾರಿನ ಕಣ್ಣು ತಪ್ಪಿಸಿ ಗುರಿ ತಲುಪುವುದಕ್ಕೆಂದೇ ಮಾಡಿದ ವಿಮಾನಗಳವು. ಸೇನಾಧಿಕಾರಿಗಳು ದಾಳಿಯ ಸಾಧ್ಯತೆಯನ್ನು ಪರಿಶೀಲಿಸಿದ್ದರು ಎಂದು 1982ರ ಡಿಸೆಂಬರಿನಲ್ಲಿ ಅಮೆರಿಕದ ಪತ್ರಿಕೆಯೊಂದು ವರದಿ ಮಾಡಿತು. ಪ್ರಧಾನಿ ಇಂದಿರಾ ಗಾಂಧಿ ಆ ಪ್ರಸ್ತಾವವನ್ನು ಬದಿಗಿರಿಸಿದ್ದಾರೆ ಎಂಬುದೂ ಅದೇ ವರದಿಯಲ್ಲಿತ್ತು. ಬದಿಗಿರಿಸಿದರೂ ಚರ್ಚೆ ಮುಗಿದಿರಲಿಲ್ಲ.

ದಾಳಿಯ ಪರವಾಗಿದ್ದ ವಾದ ದುರ್ಬಲವಾದುದೇನೂ ಆಗಿರಲಿಲ್ಲ. ಇಂದು ತಡೆಯದಿದ್ದರೆ ನಾಳೆ ಪಾಕಿಸ್ತಾನದ ಕೈಯಲ್ಲಿ ಬಾಂಬ್ ಇರುತ್ತದೆ, ಆಗ ತಡೆಯುವ ಮಾತೇ ಇರುವುದಿಲ್ಲ ಎಂಬುದು ಅದರ ತಿರುಳು. 1998ರ ಮೇ 28ರಂದು ಚಗಾಯ್ ಬೆಟ್ಟಗಳು ನಡುಗಿದಾಗ ಆ ಭೀತಿ ಸುಳ್ಳಾಗಿರಲಿಲ್ಲವೆಂಬುದು ಸಾಬೀತಾಯಿತು. ಆದರೆ ಇರಾಕಿಗೂ ಪಾಕಿಸ್ತಾನಕ್ಕೂ ಒಂದು ವ್ಯತ್ಯಾಸವಿತ್ತು. ಇರಾಕ್ ತಿರುಗಿ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ಪಾಕಿಸ್ತಾನಕ್ಕೆ 1983ರ ಜನವರಿಯಲ್ಲಿ ಅಮೆರಿಕದ ಎಫ್-16 ವಿಮಾನಗಳ ಮೊದಲ ಕಂತು ಬಂದು ಸೇರಿತ್ತು.

ಈ ಹಂತದಲ್ಲಿ ರಾಮಣ್ಣ ಕಥೆಯೊಳಗೆ ಬರುತ್ತಾರೆ. 1978ರಿಂದ ಕೆಲವು ವರ್ಷ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದು ಸೇನೆಯ ಯೋಚನಾಕ್ರಮವನ್ನು ಹತ್ತಿರದಿಂದ ಕಂಡಿದ್ದ ಅವರು, 1981ರಲ್ಲಿ ಟ್ರಾಂಬೆಗೆ ಮರಳಿದ್ದರು. 1983ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಅದೇ ವರ್ಷ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆಂದು ವಿಯೆನ್ನಾಕ್ಕೆ ಹೋದಾಗ ಪಾಕಿಸ್ತಾನದ ಅಣುಶಕ್ತಿ ಆಯೋಗದ ಅಧ್ಯಕ್ಷ ಮುನೀರ್ ಅಹ್ಮದ್ ಖಾನ್ ಅವರನ್ನು ಭೇಟಿಯಾದರು. ಖಾನ್ ಅದೇ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಇಬ್ಬರಿಗೂ ಹಳೆಯ ಪರಿಚಯ. ಭಾರತ ಕಹೂಟಾದ ಮೇಲೆ ದಾಳಿ ಮಾಡಿದರೆ ಪಾಕಿಸ್ತಾನ ಟ್ರಾಂಬೆಯ ಮೇಲೆ ದಾಳಿ ಮಾಡುವುದು ಖಚಿತ ಎಂಬ ಸಂದೇಶವನ್ನು ಖಾನ್ ಅಲ್ಲಿ ಮುಟ್ಟಿಸಿದರೆಂದು, ಅದು ರಾಮಣ್ಣನವರ ಮೂಲಕ ದೆಹಲಿ ತಲುಪಿತೆಂದು ಉಪಖಂಡದ ಅಣು ಇತಿಹಾಸವನ್ನು ಬರೆದವರು ದಾಖಲಿಸಿದ್ದಾರೆ.

ಆ ಸಂದೇಶದ ತೂಕ ರಾಮಣ್ಣನವರಷ್ಟು ಚೆನ್ನಾಗಿ ಬಲ್ಲವರು ದೇಶದಲ್ಲಿ ಹೆಚ್ಚು ಮಂದಿ ಇರಲಿಲ್ಲ. ಮೇಲ್ನೋಟಕ್ಕೆ ಇದು ಏಟಿಗೆ ಎದಿರೇಟು. ಭೌತಶಾಸ್ತ್ರದ ಲೆಕ್ಕದಲ್ಲಿ ಹಾಗಲ್ಲ. ಕಹೂಟಾದಲ್ಲಿದ್ದದ್ದು ಸೆಂಟ್ರಿಫ್ಯೂಜ್‌ಗಳು, ಅವುಗಳೊಳಗೆ ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲ. ಅದು ಹೊರಬಿದ್ದರೆ ಸುತ್ತಲಿನವರಿಗೆ ಭೀಕರ ರಾಸಾಯನಿಕ ಅಪಾಯ ನಿಜ; ಆದರೆ ವಿಕಿರಣ ಬಹುದೂರ ಹರಡುವ ಸಂಭವ ಕಡಿಮೆ. ಟ್ರಾಂಬೆಯಲ್ಲಿ ವರ್ಷಗಟ್ಟಲೆ ಉರಿದ ರಿಯಾಕ್ಟರ್ ಇತ್ತು, ಉರಿದ ಇಂಧನವಿತ್ತು, ಅದನ್ನು ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುವ ಘಟಕವಿತ್ತು, ಇನ್ನಷ್ಟು ದೊಡ್ಡ ಧ್ರುವ ರಿಯಾಕ್ಟರ್ ಕಟ್ಟಡ ಏಳುತ್ತಿತ್ತು. ಇವೆಲ್ಲವೂ ಲಕ್ಷಾಂತರ ಜನ ಕಿಕ್ಕಿರಿದ ಮುಂಬಯಿಯ ಮಗ್ಗುಲಲ್ಲೇ. ಒಂದು ಕಡೆ ಯಂತ್ರಗಳ ನಷ್ಟ, ಇನ್ನೊಂದು ಕಡೆ ಮಹಾನಗರದ ನಷ್ಟ. ಈ ಅಸಮ ವಿನಿಮಯದಲ್ಲಿ ಭಾರತಕ್ಕೆ ಲಾಭವಿರಲಿಲ್ಲ. ಬಾಂಬ್ ಮಾಡಿದ ಮನುಷ್ಯನೇ ಬಾಂಬು ಹಾಕಬಾರದ ಕಾರಣವನ್ನು ಹೊತ್ತು ತಂದದ್ದು ವಿಚಿತ್ರವೆನಿಸಬಹುದು. ಟ್ರಾಂಬೆಯ ಒಳಗನ್ನು ಬಲ್ಲವರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು.

ಹಾಗೆಂದು ರಾಮಣ್ಣನವರನ್ನು ಶಾಂತಿದೂತರೆಂದು ಚಿತ್ರಿಸುವುದು ಸರಿಯಾಗಲಾರದು. ಎಂಬತ್ತರ ದಶಕದ ಆರಂಭದಲ್ಲಿಯೇ ಅವರು ಮತ್ತು ವಿ. ಎಸ್. ಅರುಣಾಚಲಂ ಮತ್ತೊಂದು ಅಣುಪರೀಕ್ಷೆಗೆ ಅನುಮತಿ ಕೋರಿದ್ದರು. ಇಂದಿರಾ ಗಾಂಧಿ ಒಪ್ಪಿ, ಕೆಲವೇ ಗಂಟೆಗಳಲ್ಲಿ ಆ ಒಪ್ಪಿಗೆಯನ್ನು ಹಿಂಪಡೆದರೆಂದು ಹೇಳಲಾಗುತ್ತದೆ. ಮೈಸೂರಿನ ಹೊರವಲಯದ ರತ್ನಹಳ್ಳಿಯಲ್ಲಿ ಭಾರತದ ಯುರೇನಿಯಂ ಸಂವರ್ಧನಾ ಘಟಕಕ್ಕೆ ಅಡಿಪಾಯ ಬಿದ್ದದ್ದು ಎಂಬತ್ತರ ದಶಕದಲ್ಲಿಯೇ. ಕಹೂಟಾದಲ್ಲಿ ತಿರುಗುತ್ತಿದ್ದಂಥ ಯಂತ್ರಗಳೇ ಮೈಸೂರಿನ ಬಳಿಯೂ ತಿರುಗತೊಡಗಿದವು. ಕೃಷ್ಣರಾಜಸಾಗರ ಅಲ್ಲಿಂದ ದೂರವಿಲ್ಲ. ಅಲ್ಲಿಂದ ಹೊರಟ ಕಾವೇರಿ ಸತ್ತೇಗಾಲವನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ಹೀಗಾಗಿ ವಿಯೆನ್ನಾದಲ್ಲಿ ನಡೆದ ಮಾತು ಮುಂಬಯಿಗೆ ಮಾತ್ರ ಸಂಬಂಧಿಸಿದ್ದಾಗಿ ಬಹಳ ದಿನ ಉಳಿಯಲಿಲ್ಲ. ಕೈಗಾ ಅಣುವಿದ್ಯುತ್ ಯೋಜನೆಯ ಪರವಾಗಿಯೂ ರಾಮಣ್ಣ ನಿಂತರು. ಅದನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸುವಷ್ಟು ದೂರ ಹೋದರು. ನಾಡು ಗೌರವಿಸುತ್ತಿದ್ದ ಇಬ್ಬರು ಹಿರಿಯರು ಎದುರುಬದುರಾದ ಆ ಪ್ರಸಂಗ ಬೇರೆಯೇ ಬರೆಹಕ್ಕೆ ವಸ್ತು.

1984ರ ಶರತ್ಕಾಲದಲ್ಲಿ ದಾಳಿಯ ವದಂತಿಗಳು ಮತ್ತೊಮ್ಮೆ ಬಿರುಸಾದವು. ಅಕ್ಟೋಬರ್ 31ರಂದು ಇಂದಿರಾ ಹತ್ಯೆಯಾಯಿತು. ಮರುವರ್ಷ ಡಿಸೆಂಬರ್ 17ರಂದು ದೆಹಲಿಗೆ ಬಂದ ಜನರಲ್ ಜಿಯಾ ಉಲ್ ಹಕ್ ಮತ್ತು ಪ್ರಧಾನಿ ರಾಜೀವ್ ಗಾಂಧಿ, ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಬಾಯಿಮಾತಿನ ಒಪ್ಪಂದಕ್ಕೆ ಬಂದರು. ಅದು ಲಿಖಿತ ರೂಪ ಪಡೆದದ್ದು ಬೆನಜೀರ್ ಭುಟ್ಟೋ ಕಾಲದಲ್ಲಿ, 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ.

ಆ ಒಪ್ಪಂದದ ವ್ಯಾಪ್ತಿ ಗಮನಾರ್ಹವಾದುದು. 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆ ಯುದ್ಧಕಾಲದಲ್ಲಿ ಅಣೆಕಟ್ಟು, ಒಡ್ಡು ಮತ್ತು ಅಣುವಿದ್ಯುತ್ ಕೇಂದ್ರಗಳಿಗೆ ರಕ್ಷಣೆ ನೀಡುತ್ತದೆ. ಭಾರತ ಅದರಲ್ಲಿ ಭಾಗಿಯಲ್ಲ, ಪಾಕಿಸ್ತಾನವೂ ಅದನ್ನು ಅನುಮೋದಿಸಿಲ್ಲ. ಎರಡು ವೈರಿ ದೇಶಗಳು ತಾವೇ ಮಾಡಿಕೊಂಡ ಒಪ್ಪಂದವಾದರೋ ವಿದ್ಯುತ್ ಕೇಂದ್ರಗಳಲ್ಲದೆ ಸಂಶೋಧನಾ ರಿಯಾಕ್ಟರ್, ಇಂಧನ ತಯಾರಿಕೆ, ಸಂವರ್ಧನೆ, ಮರುಸಂಸ್ಕರಣೆಯ ಘಟಕಗಳನ್ನೂ ಒಳಗೊಂಡಿದೆ. ಅದರಂತೆ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು, ಅಕ್ಷಾಂಶ ರೇಖಾಂಶ ಸಹಿತವಾಗಿ, ವಿನಿಮಯ ಮಾಡಿಕೊಳ್ಳಬೇಕು. ಪಟ್ಟಿಯಲ್ಲಿ ಇರುವುದೇನು ಎಂಬುದನ್ನು ಯಾರೂ ಬಹಿರಂಗಪಡಿಸುವುದಿಲ್ಲ.

ರಾಮಣ್ಣ 1986ರಲ್ಲಿ ವಿಯೆನ್ನಾದ ಸಂಸ್ಥೆಯ ಮಹಾಸಭೆಯ ಅಧ್ಯಕ್ಷತೆ ವಹಿಸಿದರು. ಮರುವರ್ಷ ಆಯೋಗದಿಂದ ನಿವೃತ್ತರಾಗಿ ಬೆಂಗಳೂರಿಗೆ ಮರಳಿದರು. ಜೆ. ಆರ್. ಡಿ. ಟಾಟಾ ಅವರ ಕಲ್ಪನೆಯ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಮೊದಲ ನಿರ್ದೇಶಕರು ಅವರೇ. 1990ರಲ್ಲಿ ವಿ. ಪಿ. ಸಿಂಗ್ ಸರಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರಾದರು. ಕಾಶ್ಮೀರದ ಉದ್ವಿಗ್ನತೆ ತಾರಕಕ್ಕೇರಿ, ಅಮೆರಿಕದ ದೂತರಾಗಿ ರಾಬರ್ಟ್ ಗೇಟ್ಸ್ ಇಸ್ಲಾಮಾಬಾದಿಗೂ ದೆಹಲಿಗೂ ಧಾವಿಸಿದ ವರ್ಷವದು. ಆ ಹೊತ್ತಿಗೆ ನೆರೆದೇಶದ ಅಣುಸಾಮರ್ಥ್ಯ ಕೇವಲ ಶಂಕೆಯಾಗಿ ಉಳಿದಿರಲಿಲ್ಲ. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. ನಡುನಡುವೆ ರಾಗ ಪದ್ಧತಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ತುಲನೆ ಮಾಡಿ ಪುಸ್ತಕ ಬರೆದರು. ಪಿಯಾನೋ ಕೊನೆಯವರೆಗೂ ಜೊತೆಗಿತ್ತು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ, 79ನೆಯ ವಯಸ್ಸಿನಲ್ಲಿ ನಿಧನರಾದರು. ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ ಮರುವರ್ಷ ಅವರ ಹೆಸರಿಡಲಾಯಿತು.

1992ರ ಜನವರಿ 1ರಂದು ಪಟ್ಟಿಗಳ ಮೊದಲ ವಿನಿಮಯ ನಡೆಯಿತು. ಕಾರ್ಗಿಲ್ ಯುದ್ಧದ ಮರುವರ್ಷವೂ, ಸಂಸತ್ ಭವನದ ಮೇಲಿನ ದಾಳಿಯಾಗಿ ಸೇನೆಗಳು ಗಡಿಯಲ್ಲಿ ಎದುರಾಗಿ ನಿಂತಿದ್ದ 2002ರಲ್ಲಿಯೂ, ಮುಂಬಯಿ ದಾಳಿಯಾಗಿ ತಿಂಗಳು ಕಳೆದ 2009ರ ಹೊಸವರ್ಷದಂದೂ ಅದು ತಪ್ಪಲಿಲ್ಲ. 2025ರ ಜನವರಿ 1ರದು 34ನೆಯ ವಿನಿಮಯ. ಅದೇ ವರ್ಷ ಮೇ ತಿಂಗಳಲ್ಲಿ ಎರಡೂ ದೇಶಗಳ ಕ್ಷಿಪಣಿ, ಡ್ರೋನುಗಳು ಗಡಿ ದಾಟಿದವು. ಪಾಕಿಸ್ತಾನದ ಕಿರಾನಾ ಬೆಟ್ಟಗಳಲ್ಲಿರುವ ಅಣು ನೆಲೆಯ ಮೇಲೆ ದಾಳಿಯಾಯಿತೆಂಬ ಸುದ್ದಿ ಹಬ್ಬಿದಾಗ ಭಾರತೀಯ ವಾಯುಪಡೆ ಅದನ್ನು ನಿರಾಕರಿಸಿತು. ಮರುತಿಂಗಳು ಇರಾನಿನ ನತಾಂಜ್, ಫೋರ್ಡೋ ಸ್ಥಾವರಗಳ ಮೇಲೆ ಬಾಂಬುಗಳು ಬಿದ್ದವು. ಇರಾನಿಗೂ ಇಸ್ರೇಲಿಗೂ ನಡುವೆ ಅಂಥ ಪಟ್ಟಿಯ ವಿನಿಮಯವಿರಲಿಲ್ಲ.