ಹಳೆಯ ರೇಡಿಯೋದ ಮುಚ್ಚಿದ ಡಬ್ಬಿ ಮತ್ತು ಆರ್ಥರ್ ಕಾಲಿನ್ಸ್

ಹಳೆಯ ರೇಡಿಯೋದೊಳಗೆ ಲಕ್ಷಾಂತರ ರೂಪಾಯಿ ಬೆಲೆಯ ‘ಕೆಂಪು ಪಾದರಸ’ ಇರುತ್ತದೆ ಎಂಬ ಪುಕಾರು ಆಗಾಗ ಹಬ್ಬುತ್ತದೆ. ಅದು ಸುಳ್ಳು. ಆದರೆ ಆ ಆಸೆಗೆ ಬಿದ್ದು ನಾವು ಒಡೆದುಹಾಕಬಹುದಾದ, ನಿಜಕ್ಕೂ ಬೆಲೆಯುಳ್ಳ ಬಿಡಿಭಾಗವೊಂದು ಕೆಲವು ಹಳೆಯ ಹ್ಯಾಮ್ ಸೆಟ್‌ಗಳಲ್ಲಿದೆ. ಅದೇ ಮೆಕ್ಯಾನಿಕಲ್ ಫಿಲ್ಟರ್. ಅದರ ಹಿಂದಿರುವ ಹೆಸರು ಆರ್ಥರ್ ಕಾಲಿನ್ಸ್.

ಕಾಲಿನ್ಸ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಒಕ್ಲಹೋಮಾದಲ್ಲಿ. ಬೆಳೆದದ್ದು ಅಯೋವಾದ ಸೀಡರ್ ರಾಪಿಡ್ಸ್‌ನಲ್ಲಿ. 1925ರಲ್ಲಿ ಗ್ರೀನ್‌ಲ್ಯಾಂಡ್‌ಗೆ ಹೋಗಿದ್ದ ಮ್ಯಾಕ್‌ಮಿಲನ್ ತಂಡದೊಂದಿಗೆ ನೌಕಾಪಡೆಗೇ ಸರಿಯಾದ ಸಂಪರ್ಕ ಸಿಗುತ್ತಿರಲಿಲ್ಲ. 15 ವರ್ಷದ ಕಾಲಿನ್ಸ್ ಮನೆಯಲ್ಲಿ ಕೂತು ಆ ತಂಡದ ಸಂದೇಶಗಳನ್ನು ಹಿಡಿದು, ತಂತಿ ಕಚೇರಿಯಿಂದ ವಾಷಿಂಗ್ಟನ್‌ಗೆ ಕಳಿಸಿದರು. 1933ರಲ್ಲಿ ಕಾಲಿನ್ಸ್ ರೇಡಿಯೋ ಕಂಪನಿ ಕಟ್ಟಿದರು.

ಅಕ್ಕಪಕ್ಕದ ಸ್ಟೇಷನ್‌ಗಳು ಒಂದರ ಮೇಲೊಂದು ಬೀಳುವುದು ರೇಡಿಯೋದ ಹಳೆಯ ಕಾಟ. ಇದಕ್ಕೆ ಅವರ ಕಂಪನಿ 1950ರ ದಶಕದ ಆರಂಭದಲ್ಲಿ ತಂದ ಪರಿಹಾರವೇ ಈ ಫಿಲ್ಟರ್. ಒಳಗೆ ಚಕ್ರವೂ ಇಲ್ಲ, ಮೋಟಾರೂ ಇಲ್ಲ. ಪುಟ್ಟ ಲೋಹದ ಬಿಲ್ಲೆಗಳನ್ನು ತಂತಿಗಳಿಂದ ಬೆಸೆದಿರುತ್ತಾರೆ. ವಿದ್ಯುತ್ ಸಂಕೇತ ಕಂಪನವಾಗಿ ಬಿಲ್ಲೆಗಳನ್ನು ದಾಟಿ, ಮತ್ತೆ ವಿದ್ಯುತ್ ಆಗುತ್ತದೆ. ಶ್ರುತಿ ಕೂಡಿದರೆ ಮಾತ್ರ ಪಕ್ಕದ ತಂಬೂರಿಯ ತಂತಿ ಮಿಡಿಯುವಂತೆ, ಬಿಲ್ಲೆಗಳು ತಮಗೆ ಹೊಂದುವ ಕಂಪನವನ್ನಷ್ಟೇ ಮುಂದೆ ಬಿಡುತ್ತವೆ.

ಗುರುತಿಸುವುದು ಹೇಗೆ? ಡಬ್ಬಿಯ ಮೇಲೆ ‘ಎಫ್455ಜೆ-31’ ಎಂದಿದ್ದರೆ, 455 ಎಂಬುದು ಕಿಲೋಹರ್ಟ್ಸ್‌ನಲ್ಲಿ ಮಧ್ಯದ ಆವರ್ತನ, ಜೆ ಡಬ್ಬಿಯ ಮಾದರಿ, 31 ಅಂದರೆ 3.1 ಕಿಲೋಹರ್ಟ್ಸ್ ಅಗಲ. ಎರಡರ ಮೇಲೂ 455 ಇದೆ ಎಂದ ಮಾತ್ರಕ್ಕೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಹಾಗಾದರೆ ರೋಣ, ನರಗುಂದ, ಗಜೇಂದ್ರಗಡದ ಅಟ್ಟದ ಮೇಲಿರುವ ರೇಡಿಯೋಗಳಲ್ಲಿ ಇದು ಸಿಗುತ್ತದೆಯೇ? ಬಹುತೇಕ ಇಲ್ಲ. ಧಾರವಾಡ ಆಕಾಶವಾಣಿ ಕೇಳಲು ಇಟ್ಟುಕೊಂಡ ಮನೆಯ ಸೆಟ್‌ಗಳಲ್ಲಿ ಈ ಕೆಲಸವನ್ನು ತಂತಿ ಸುರುಳಿಗಳೇ ಮಾಡುತ್ತಿದ್ದವು. ಅದರಲ್ಲಿ ನಷ್ಟವೇನಿಲ್ಲ. 3.1ರ ಕಿಂಡಿ ಹ್ಯಾಮ್‌ಗಳ ಮಾತಿಗೆ ಸಾಕು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ತಾನ್‌ಗೆ ಅದು ತೀರ ಇಕ್ಕಟ್ಟು.

ಕಾಲಿನ್ಸ್ ಕಂಪನಿಯ ಸಲಕರಣೆಗಳು ಮುಂದೆ ಅಪೊಲೊ ನೌಕೆಗಳಿಗೂ ಹೋದವು. ಆದರೆ ಕಂಪ್ಯೂಟರ್‌ಗೆ ಹೂಡಿದ ಹಣ ಕೈಕಚ್ಚಿತು. 1970ರ ದಶಕದ ಆರಂಭದಲ್ಲಿ ತಾವೇ ಕಟ್ಟಿದ ಕಂಪನಿಯಿಂದ ಅವರು ಹೊರಬರಬೇಕಾಯಿತು. 1987ರಲ್ಲಿ ತೀರಿಕೊಂಡರು.

ಅಂಥ ಡಬ್ಬಿ ಕೈಗೆ ಸಿಕ್ಕರೆ ನಾವು ಮಾಡಬೇಕಾದ್ದು ಇಷ್ಟೇ: ಮೇಲಿನ ಅಂಕಿ ಓದಿ, ಬರೆದಿಟ್ಟುಕೊಳ್ಳಿ. ಒಡೆದರೆ ಸಿಗುವುದು ಬಿಲ್ಲೆಗಳು ಮಾತ್ರ. ಅವನ್ನು ಮತ್ತೆ ಜೋಡಿಸಿ ಫಿಲ್ಟರ್ ಮಾಡಲಾಗದು.